ಹಾಸುಗಲ್ಲಿನ ನಾಡಿನಿಂದ ಭಟ್ಕಳಕ್ಕೆ
ವಾಡಿಯಲ್ಲಿ ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಿನಲ್ಲಿ ಪಂಚಗಂಗಾ ಹಿಡಿದರೆ ಮೂರನೇ ದಿನ ಬೆಳಗಾಗುವ ಹೊತ್ತಿಗೆ ಭಟ್ಕಳ. ಸಕಲೇಶಪುರ ಘಾಟಿಯ ಸುರಂಗಗಳು ಕತ್ತಲಲ್ಲೇ ಕಳೆದುಹೋಗುತ್ತವೆ, ಅದೊಂದೇ ಬೇಸರ. ವಿಜಯನಗರದ ಸೈನ್ಯಕ್ಕೆ ಅರಬ್ಬಿ ಕುದುರೆಗಳು ಬಂದಿಳಿದ ಬಂದರು ಭಟ್ಕಳ. ಈಗ ಇಳಿಯುವುದು ಬಂಗುಡೆ, ತಾರ್ಲೆ. ದೋಣಿ ದಡ ಮುಟ್ಟಿದ್ದೇ ತಡ, ಬುಟ್ಟಿ ಹಿಡಿದ ಹೆಂಗಸರು ಸುತ್ತುವರಿದು ಕೂಗಿ ಕೂಗಿ ದರ ಕೇಳುತ್ತಾರೆ. ಜೋಳದ ರೊಟ್ಟಿಯ ಸೀಮೆಯಿಂದ ಹೋದ ನನಗೆ ಆ ಗದ್ದಲ ನೋಡುತ್ತ ನಿಲ್ಲುವುದೇ ಹಬ್ಬ. ಸೇಡಂ, ಚಿತ್ತಾಪುರ, ಚಿಂಚೋಳಿಯ ಮಂದಿ ಒಮ್ಮೆಯಾದರೂ ಹೋಗಿಬರಬೇಕು. ಕಡಲು ನಮಗೆ ತೀರಾ ಹೊರಗಿನದೇನಲ್ಲ: ನಾವು ಮನೆಗೆ ಹಾಸುವ ಶಹಾಬಾದ್ ಕಲ್ಲು ಕೋಟಿಗಟ್ಟಲೆ ವರ್ಷಗಳ ಹಿಂದೆ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು. ಭಟ್ಕಳದ ಶರಾಬಿ ಹೊಳೆ ಕಡಲು ಸೇರುವಲ್ಲಿ ಒದ್ದೆ ಮರಳಿನ ಗೆರೆಗಳನ್ನು ಕಂಡಾಗ ನಮ್ಮ ಪಡಸಾಲೆಯ ಹಾಸುಗಲ್ಲೇ ಕಣ್ಣಿಗೆ ಕಟ್ಟಿತು.