ಗವಾನನ ಮದರಸಾದ ಮುಖಭಿತ್ತಿ

ಬೀದರಿನ ಮಹಮೂದ ಗವಾನನ ಮದರಸಾದಲ್ಲಿ ಬಿದ್ದುಹೋದ ಅರ್ಧವನ್ನು ಪುನಃ ಕಟ್ಟಿ, ಮುಂಗೋಡೆಗೆಲ್ಲ ಹೊಸ ಮೆರುಗುಹೆಂಚುಗಳನ್ನು ಹೊದಿಸಬೇಕೆನ್ನುವ ಮಹನೀಯರುಂಟು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆಲ್ಬರ್ಟಿಯು ಪೂರ್ಣಗೊಳಿಸಿದ ಸಾಂತಾ ಮರಿಯಾ ನೊವೆಲ್ಲಾ ದೇವಾಲಯದ ಮುಖವು ಇಂದಿಗೂ ಬೆಳಗುತ್ತಿಲ್ಲವೆ ಎಂದು ಅವರ ಪ್ರಶ್ನೆ. ಅದು ಮುಗಿದುದು 1470ರಲ್ಲಿ, ನಮ್ಮದು 1472ರಲ್ಲಿ. ಕಾಲವೇನೋ ಸಮೀಪವೇ, ಸ್ಥಿತಿಯು ಸಮೀಪವೆ? ಆ ಮುಖವು ಅಖಂಡವಾಗಿ ನಿಂತಿದೆ. ಇದ್ದುದನ್ನು ತೊಳೆದು ಭದ್ರಪಡಿಸಿದರಾಯಿತು. ನಮ್ಮಲ್ಲಾದರೋ 17ನೆಯ ಶತಮಾನದ ಕೊನೆಯಲ್ಲಿ, ಔರಂಗಜೇಬನ ಆಳ್ವಿಕೆಯಲ್ಲಿ, ವಿದ್ಯಾರ್ಥಿಗಳ ಕೋಣೆಗಳಲ್ಲಿ ತುಂಬಿಟ್ಟಿದ್ದ ಮದ್ದು ಸಿಡಿದು ದಕ್ಷಿಣದ ಮಿನಾರೂ ಹೆಬ್ಬಾಗಿಲೂ ಉರುಳಿದುವು. ಪಾಠಶಾಲೆಯನ್ನು ಮದ್ದಿನ ಮನೆಯಾಗಿ ಮಾಡಿದವರ ಕಥೆಯನ್ನು ಆ ಮುರಿದ ಅಂಚಿನಷ್ಟು ಸ್ಪಷ್ಟವಾಗಿ ಹೇಳುವ ಗ್ರಂಥ ಯಾವುದಿದೆ? ಅದನ್ನು ಗಾರೆಯಿಂದ ಮುಚ್ಚಿ, ಊಹೆಯಿಂದ ಇನ್ನೊಂದು ಮಿನಾರನ್ನು ನಿಲ್ಲಿಸುವುದು ಜೀರ್ಣೋದ್ಧಾರವಲ್ಲ, ಕೂಟಲೇಖ. 1481ರಲ್ಲಿ ಗವಾನನ ಪ್ರಾಣವನ್ನು ತೆಗೆದುದೂ ಅವನ ಮುದ್ರೆಯನ್ನೊತ್ತಿದ ಒಂದು ಕೂಟಲೇಖವೇ ಆಗಿತ್ತು. ಎರಡನೆಯದನ್ನು ಅವನ ಕಟ್ಟಡದ ಮೇಲೆಯೇ ಬರೆಯಬೇಕೆ?

ಹಣವಿದ್ದರೆ ಉತ್ತರದ ಮಿನಾರಿನಲ್ಲಿ ಉಳಿದಿರುವ ಹೆಂಚುಗಳಿಗೆ ವಿನಿಯೋಗವಾಗಲಿ. ನೀಲಿಯ ನೆಲದ ಮೇಲಿನ ಆ ಬಿಳಿಯ ಅಕ್ಷರಗಳ ಹಿಂದೆ ಮಳೆಯ ನೀರು ಇಳಿದರೆ ಗಾರೆಯು ಸಡಿಲಿ ಒಂದೊಂದೇ ಚೂರು ಉದುರುವುದು. ಒಮ್ಮೆ ಉದುರಿದುದು ಹಿಂದಿರುಗದು. ಈ ಕೆಲಸಕ್ಕೆ ಉದ್ಘಾಟನೆಯ ಸಂಭ್ರಮವಿಲ್ಲ, ಆದುದರಿಂದಲೇ ಅದರ ಮಾತೆತ್ತುವವರು ವಿರಳ. ಭಾಲ್ಕಿ, ಔರಾದಗಳಿಂದ ಕಚೇರಿಯ ಕೆಲಸಕ್ಕೆಂದು ಬೀದರಿಗೆ ಬರುವ ವಾಚಕರು ಚೌಬಾರದಿಂದ ಕೋಟೆಯ ಕಡೆಗೆ ನಡೆಯುವಾಗ ಅಲ್ಲಿ ನಿಲ್ಲಲಿ. ಮಕ್ಕಳು ಜೊತೆಗಿದ್ದರೆ ಉಳಿದ ಮಿನಾರನ್ನಷ್ಟೇ ಅಲ್ಲ, ಇಲ್ಲದ ಮಿನಾರಿನ ಜಾಗವನ್ನೂ ಅವರಿಗೆ ತೋರಿಸಲಿ.