ರೂಮ್-ಕಿಚನ್‌ನಲ್ಲಿ ಬೀಗಲ್

ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲು ತೆರೆದರೆ ನೇರ ಗಲ್ಲಿ. ಸೂರತ್ತಿನ ಪಾಂಡೇಸರಾದ ಇಂಥ ಮನೆಯಲ್ಲಿ ಬೀಗಲ್ ಸಾಕಬಹುದೇ? ಜಾಗದ ಮಟ್ಟಿಗೆ ಧಾರಾಳವಾಗಿ. ಎತ್ತರ ಒಂದಡಿ ಚಿಲ್ಲರೆ, ತೂಕ ಹತ್ತು ಕೆಜಿ ಆಸುಪಾಸು. ಮಂಚದ ಕೆಳಗೆ ಆರಾಮಾಗಿ ಹಿಡಿಸುತ್ತದೆ. ಅಂಗಳವಿದ್ದವರು ನಾಯಿಯನ್ನು ಅಲ್ಲಿ ಬಿಟ್ಟು ಟಿವಿ ಮುಂದೆ ಕೂರುತ್ತಾರೆ. ಅಂಗಳವಿಲ್ಲದವರಿಗೆ ಆ ಸೋಮಾರಿತನ ದಕ್ಕುವುದಿಲ್ಲ, ಪಟ್ಟಿ ಹಿಡಿದು ಗಲ್ಲಿಗೆ ಇಳಿಯಲೇಬೇಕು.

ಕಷ್ಟವಿರುವುದು ಅದರ ಮೂಗಿನಲ್ಲಿ, ಗಂಟಲಿನಲ್ಲಿ. ಇಂಗ್ಲೆಂಡಿನವರು ಮೊಲದ ಬೇಟೆಗೆಂದು ಬೆಳೆಸಿದ ತಳಿ ಇದು. ನಾಯಿಗಳ ಹಿಂಡು ವಾಸನೆ ಹಿಡಿದು ಮುಂದೆ, ಬೇಟೆಗಾರರು ಕಾಲ್ನಡಿಗೆಯಲ್ಲಿ ಹಿಂದೆ. ಪೊದೆಗಳಾಚೆ ಹಿಂಡು ಎಲ್ಲಿದೆ ಎಂದು ದೂರದವರಿಗೆ ತಿಳಿಯಬೇಕಿತ್ತು, ಅದಕ್ಕೇ ಆ ಉದ್ದ ರಾಗದ ಊಳು. ವ್ಯಂಗ್ಯಚಿತ್ರದ ಸ್ನೂಪಿಯೂ ಬೀಗಲ್ಲೇ. ಆದರೆ ಅವನು ಹೇಳುವುದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಅವನನ್ನು ನೋಡಿ ಮರಿ ತಂದವರಿಗೆ ಮೊದಲ ವಾರದಲ್ಲೇ ವ್ಯತ್ಯಾಸ ಕೇಳಿಸುತ್ತದೆ.

ಮೂಗಿನ ವಿಷಯ ಇನ್ನೂ ದೊಡ್ಡದು. ಅಮೆರಿಕದ ಕೃಷಿ ಇಲಾಖೆ 1984ರಿಂದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಲದೊಳಗಿನ ಹಣ್ಣು, ಮಾಂಸ ಪತ್ತೆಹಚ್ಚಲು ಬೀಗಲ್‌ಗಳನ್ನೇ ನೇಮಿಸಿಕೊಂಡಿತು. ಆ ಮೂಗಿಗೆ ಮನೆಯಲ್ಲಿ ಕೆಲಸ ಕೊಡದಿದ್ದರೆ ಅದು ಚಪ್ಪಲಿ, ದಿಂಬು, ಕಸದ ಡಬ್ಬಿಯಲ್ಲಿ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ದಿನಕ್ಕೆ ಎರಡು ಬಾರಿ, ಒಟ್ಟು ಒಂದು ತಾಸಾದರೂ ನಡಿಗೆ ಬೇಕು. ಸರಸರ ನಡೆಸಿಕೊಂಡು ಬರುವುದಲ್ಲ. ಪ್ರತಿ ಕಂಬ, ಪ್ರತಿ ಚಹಾ ತಳ್ಳುಗಾಡಿಯ ಚಕ್ರ ಮೂಸಲು ಬಿಡಬೇಕು. ಪಟ್ಟಿ ಮಾತ್ರ ಬಿಚ್ಚಬಾರದು. ವಾಸನೆಯ ಜಾಡು ಸಿಕ್ಕಿದ ಬೀಗಲ್‌ಗೆ ಒಡೆಯನ ಕೂಗು ಕೇಳಿಸುವುದಿಲ್ಲ, ಮುಂದಿರುವುದು ಜಿಐಡಿಸಿ ಕೈಗಾರಿಕಾ ಪ್ರದೇಶದ ಲಾರಿಗಳ ರಸ್ತೆ. ಮಳೆಗಾಲದಲ್ಲಿ ನಿಂತ ನೀರಿಗೆ ಇಳಿಸಬೇಡಿ. ದಕ್ಷಿಣ ಗುಜರಾತಿನಲ್ಲಿ ಇಲಿಜ್ವರ ವರ್ಷವರ್ಷವೂ ತಲೆಯೆತ್ತುತ್ತದೆ, ಅದು ನಾಯಿಗೂ ಬರುತ್ತದೆ, ಲಸಿಕೆಯಿದೆ. ಜೋತುಬಿದ್ದ ಕಿವಿಯೊಳಗೆ ಈ ಊರಿನ ತೇವ ಬೇಗ ಸೋಂಕು ತರುತ್ತದೆ, ಒರೆಸಿ ಒಣಗಿಸಬೇಕು.

ಮನೆಯೊಳಗಿನ ಆಟಕ್ಕೆ ಸೂರತ್ತಿಗಿಂತ ಒಳ್ಳೆಯ ಊರು ಇನ್ನೊಂದಿಲ್ಲ. ಸೀರೆ ಮಿಲ್ಲುಗಳ ಊರಲ್ಲಿ ಚಿಂದಿಗೆ ಬರವೇ? ತುಂಡು ಬಟ್ಟೆಗಳನ್ನು ಒಗೆದು ಗಂಟುಕಟ್ಟಿ, ಮಡಿಕೆಗಳೊಳಗೆ ಊಟದ ಕಾಳುಗಳನ್ನು ಬಚ್ಚಿಟ್ಟರೆ ನಾಯಿ ಮೂಸಿ ಮೂಸಿಯೇ ದಣಿಯುತ್ತದೆ. ಆದರೆ ಅಳತೆ ಮೀರಬಾರದು, ಬೀಗಲ್‌ಗೆ ಹೊಟ್ಟೆ ತುಂಬಿತು ಎಂಬುದೇ ಗೊತ್ತಾಗುವುದಿಲ್ಲ. ಪಕ್ಕದ ಮನೆಯವರು ಪ್ರೀತಿಯಿಂದ ಚಾಚುವ ತುಪ್ಪದ ಸಿಹಿತಿಂಡಿ ಘಾರಿಗೆ ಕೈಮುಗಿಯಿರಿ. ಒಣದ್ರಾಕ್ಷಿಯಂತೂ ನಾಯಿಯ ಮೂತ್ರಪಿಂಡಕ್ಕೆ ವಿಷ.

ಸಾಧು ಸ್ವಭಾವ, ಚಿಕ್ಕ ಗಾತ್ರ: ಔಷಧ ಪ್ರಯೋಗಾಲಯಗಳು ಈ ತಳಿಯನ್ನೇ ಆರಿಸಿಕೊಂಡದ್ದೂ ಇದಕ್ಕಾಗಿಯೇ. 2016ರಲ್ಲಿ ಬೆಂಗಳೂರಿನ ಪ್ರಯೋಗಾಲಯವೊಂದು 150ಕ್ಕೂ ಹೆಚ್ಚು ಬೀಗಲ್‌ಗಳನ್ನು ಬಿಟ್ಟುಕೊಟ್ಟಾಗ ಅಲ್ಲಿನ ಪ್ರಾಣಿದಯಾ ಸಂಸ್ಥೆ ಕ್ಯೂಪಾ ಅವಕ್ಕೆ ಮನೆ ಹುಡುಕಿತು. ಪಂಜರದಿಂದ ಬಂದ ಆ ನಾಯಿಗಳಿಗೆ ಬೇಕಿದ್ದದ್ದು ಮನುಷ್ಯರ ಸಹವಾಸ. ಹಿಂಡಿನ ಪ್ರಾಣಿ ಅದು, ಒಂಟಿತನ ತಡೆಯದು.

ಈಗ ಸೂರತ್ ಪಾಲಿಕೆಯ ಮಾತು. ಅಹಮದಾಬಾದಿನಲ್ಲಿ 2025ರ ಮೇ ತಿಂಗಳಲ್ಲಿ ಸಾಕಿದ ರಾಟ್‌ವೈಲರ್ ಒಂದು ಹಸುಗೂಸನ್ನು ಕೊಂದ ಮೇಲೆ ಇಲ್ಲಿನ ಪಾಲಿಕೆ, ನಾಯಿ ಸಾಕಲು ಹತ್ತು ನೆರೆಯವರ ಒಪ್ಪಿಗೆ ಬೇಕು ಎಂದಿತು. ಗಾಬರಿ ಅರ್ಥವಾಗುತ್ತದೆ. ಆದರೆ ಬಹುಮತದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೌಸಿಂಗ್ ಸೊಸೈಟಿಗಳಿಗೆ ಹೇಳಿದೆ. ಮೇಲಾಗಿ, ಒಡಿಯಾ, ಭೋಜಪುರಿ, ಮರಾಠಿ, ಕನ್ನಡ ಕಲೆತ ಪಾಂಡೇಸರಾದ ಚಾಳಿನಲ್ಲಿ ಅರ್ಧ ಜನ ಹಗಲು ಪಾಳಿ, ಉಳಿದರ್ಧ ರಾತ್ರಿ ಪಾಳಿ. ಸಹಿ ಕೇಳಹೋದರೆ ಬಾಗಿಲಿಗೆ ಬೀಗ, ಇಲ್ಲವೇ ಒಳಗೆ ಗೊರಕೆ.

ನನ್ನ ಕೈಗೆ ಪಾಲಿಕೆಯ ಒಪ್ಪಿಗೆ ಅರ್ಜಿ ಕೊಟ್ಟರೆ ಹತ್ತು ಸಹಿಯ ಜಾಗ ಹೊಡೆದುಹಾಕಿ ಒಂದೇ ಪ್ರಶ್ನೆ ಬರೆಯುತ್ತೇನೆ: ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ? ಗಂಡ ಹೆಂಡತಿ ಇಬ್ಬರೂ ಹನ್ನೆರಡು ತಾಸಿನ ಪಾಳಿಗೆ ಹೋಗುವವರಾದರೆ ಬೀಗಲ್ ಬೇಡ. ಅಜ್ಜಿಯೋ ಮನೆಯಲ್ಲೇ ಜರಿ ಕೆಲಸ ಮಾಡುವ ಅತ್ತಿಗೆಯೋ ಇದ್ದರೆ, ಮರಿ ತನ್ನಿ.