ಅರಸರು ಹೋದರು, ಊರು ಉಳಿಯಿತು

ಪುತ್ತಿಗೆ ಎಂದೊಡನೆ ಅನೇಕರಿಗೆ ನೆನಪಾಗುವುದು ಉಡುಪಿಯ ಅಷ್ಟಮಠಗಳಲ್ಲೊಂದಾದ ಪುತ್ತಿಗೆ ಮಠ. ಆ ಮಠದ ಮೂಲಸ್ಥಾನ ಹಿರಿಯಡ್ಕದ ಸಮೀಪದಲ್ಲಿದೆ. ಕಾಸರಗೋಡಿನಲ್ಲಿಯೂ ಒಂದು ಪುತ್ತಿಗೆಯಿದೆ. ಮೂಡುಬಿದಿರೆಯ ಮಗ್ಗುಲಲ್ಲಿರುವ ಪುತ್ತಿಗೆ ಬೇರೆಯೇ ಊರು. ಅದು ಚೌಟ ಅರಸರ ರಾಜಧಾನಿಯಾಗಿತ್ತು.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡಲೊಪ್ಪದೆ ಕಾದಾಡಿದ ರಾಣಿ ಅಬ್ಬಕ್ಕ ಈ ಮನೆತನದವಳು. ಸೋದರಿಯ ಮಕ್ಕಳಿಗೆ ಹಕ್ಕು ಸಲ್ಲುವ ಅಳಿಯಸಂತಾನ ಪದ್ಧತಿ ತುಳುನಾಡಿನಲ್ಲಿದ್ದುದರಿಂದ ಮಾವ ತಿರುಮಲರಾಯನ ನಂತರ ಅವಳಿಗೆ ಪಟ್ಟವಾಯಿತು. ಮಕ್ಕಳು ಪಾಠದಲ್ಲಿ ಅವಳನ್ನು ಉಳ್ಳಾಲದ ರಾಣಿಯೆಂದು ಓದುತ್ತಾರೆ. ಉಳ್ಳಾಲ ಮೆಣಸು, ಅಕ್ಕಿ ಹಡಗೇರುತ್ತಿದ್ದ ರೇವು. ಪುತ್ತಿಗೆ ಒಳನಾಡಿನ ನೆಲೆ. ಕಡಲು ವ್ಯಾಪಾರವನ್ನು ತರುವಂತೆ ಶತ್ರುವಿನ ಫಿರಂಗಿಯನ್ನೂ ತರುತ್ತದೆ. ಆದ್ದರಿಂದ ರೇವಿನಷ್ಟೇ ಅದರ ಬೆನ್ನಿಗಿರುವ ಒಳನಾಡೂ ಅರಸರಿಗೆ ಬೇಕಾಗಿತ್ತು.

ಚೌಟರು ಜೈನರು. ಆದರೂ ಅವರ ಆರಾಧ್ಯದೈವ ಸೋಮನಾಥ. ಉಳ್ಳಾಲದ ಬಳಿಯ ಸೋಮೇಶ್ವರದಲ್ಲಿರುವಂತೆ ಪುತ್ತಿಗೆಯಲ್ಲಿಯೂ ಸೋಮನಾಥನ ದೇವಸ್ಥಾನವಿದೆ. ಬಸದಿಗೂ ಶಿವಾಲಯಕ್ಕೂ ಒಂದೇ ಅರಮನೆ ನಡೆದುಕೊಳ್ಳುತ್ತಿದ್ದುದು ಈ ಸೀಮೆಯ ಹಳೆಯ ರೂಢಿ.

ಮುಂದೆ ಅರಸರು ಮೂಡುಬಿದಿರೆಗೆ ನೆಲೆ ಬದಲಿಸಿದರು. ಒಂಬತ್ತು ಹೆಂಗಳೆಯರು ಸೇರಿ ಆನೆಯಾಗುವ ನವನಾರಿಕುಂಜರ, ಐವರು ಸೇರಿ ಕುದುರೆಯಾಗುವ ಪಂಚನಾರಿತುರಗ ಅಲ್ಲಿನ ಚೌಟರ ಅರಮನೆಯ ಮರದ ಕೆತ್ತನೆಗಳು. 1763ರಲ್ಲಿ ಹೈದರಾಲಿ ಕರಾವಳಿಯನ್ನು ವಶಪಡಿಸಿಕೊಂಡ ಮೇಲೆ ಚೌಟರ ಅಧಿಕಾರವೂ ಮುಗಿಯಿತು.

ಅರಸರು ಹೋದ ಮೇಲೆ ಊರನ್ನು ಉಳಿಸಿದ್ದು ಬೇಸಾಯ. ತುಳುನಾಡಿನ ಊರೆಂದರೆ ಘಟ್ಟದ ಮೇಲಿನ ಹಳ್ಳಿಯಂತೆ ಕೇರಿಗೆ ಕೇರಿ ಅಂಟಿಕೊಂಡದ್ದಲ್ಲ. ಅವರವರ ಗದ್ದೆ, ತೋಟದ ಅಂಚಿನಲ್ಲಿ ಅವರವರ ಮನೆ. ನೀರು ನಿಲ್ಲುವ ತಗ್ಗು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು. ಅದಕ್ಕೂ ಮೇಲೆ ಮುರಕಲ್ಲಿನ ಪದವು. ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಲೆಕ್ಕದಲ್ಲಿ ವರ್ಷ ಉರುಳುತ್ತಿತ್ತು. 1974ರ ಭೂಸುಧಾರಣೆಯ ನಂತರ ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಅರಸರು ಬದಲಾದುದಕ್ಕಿಂತ ದೊಡ್ಡ ಬದಲಾವಣೆ ಅದು.

ಏನೂ ಬೆಳೆಯದೆಂದು ಬಿಟ್ಟಿದ್ದ ಪದವಿನ ಮೇಲೆ ಈಗ ಆಳ್ವಾಸ್ ವಿದ್ಯಾಸಂಸ್ಥೆಯ ಆವರಣವಿದೆ. ನಾನಾ ಜಿಲ್ಲೆಗಳ ಮಕ್ಕಳು ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಗದ್ದೆಗಳು ಸೈಟುಗಳಾದರೆ ಬೈಲು, ಮಜಲು ಎಂಬ ಹೆಸರುಗಳು ವಿಳಾಸದಲ್ಲಷ್ಟೇ ಉಳಿದಾವು. ಆದಿತ್ಯವಾರ ಮಕ್ಕಳನ್ನು ನೋಡಲು ಬರುವ ತಂದೆತಾಯಂದಿರು ಅವರನ್ನು ಸೋಮನಾಥನ ಗುಡಿಯವರೆಗೆ ಕರೆದೊಯ್ದು, ದಾರಿಯಲ್ಲಿ ಸಿಕ್ಕ ಹಿರಿಯರೊಬ್ಬರನ್ನು ಯಾವುದು ಬೈಲು, ಯಾವುದು ಬೆಟ್ಟು ಎಂದು ಕೇಳಿದರೆ ಪುಸ್ತಕದಲ್ಲಿಲ್ಲದ ಒಂದು ಪಾಠವಾದೀತು.